ತಗಡಿನ ಶೆಡ್ಡಿನ ಬೆಲೆಯನ್ನು ಅಡುಗೆಮನೆಯಲ್ಲಿ ಕೇಳಬೇಕು

ಸಹನಾ, ಕಿರಣ, ಇಬ್ಬರೂ ಓದಿರಿ.

ಹೋದ ವಾರ ವರ್ಕ್‌ಶಾಪಿಗೆ ಫೋನು ಬಂದಾಗ ನಾನು ಒಳಗೆ ಕೂತು ಮೆಂತೆ ಪಲ್ಲೆ ಸೋಸುತ್ತಿದ್ದೆ. ಯಾರೋ ಗಿರಾಕಿ ಶೆಡ್ಡಿಗೆ ಚದರ ಅಡಿಗೆ ಎಷ್ಟು ಎಂದು ಕೇಳಿರಬೇಕು. ಸಹನಾ ಒಂದು ಉಸಿರಿನಲ್ಲಿ ದರ ಹೇಳಿ ಫೋನು ಇಟ್ಟಳು. ನನ್ನ ಕೈಯಲ್ಲಿದ್ದ ಕಡ್ಡಿ ಹಾಗೇ ಉಳಿಯಿತು. ಎದ್ದು ಬಂದು ಹೇಳೋಣವೆಂದರೆ ಎದುರಿಗೆ ನಾಲ್ಕು ಜನ ಕೂತಿದ್ದರು. ನಾಲ್ಕು ಜನರೆದುರು ಮಾತಾಡುವುದು ನನಗೆ ಇಂದಿಗೂ ಕಷ್ಟ. ಅದಕ್ಕೇ ಬರೆಯುತ್ತಿದ್ದೇನೆ. ನಾನು ಜಕ್ಕಲಿಯ ಸಾಲೆಯಲ್ಲಿ ಏಳನೆಯ ತರಗತಿಯವರೆಗೆ ಕಲಿತವಳು, ತಪ್ಪಿದ್ದರೆ ತಿದ್ದಿಕೊಳ್ಳಿರಿ.

ನಾನು ಮದುವೆಯಾಗಿ ರೋಣಕ್ಕೆ ಬಂದಾಗ ನಿಮ್ಮಜ್ಜ ಕಿಟಕಿ, ಗೇಟು, ಎತ್ತಿನ ಬಂಡಿಯ ಕಬ್ಬಿಣದ ಕೆಲಸ ಮಾಡುತ್ತಿದ್ದರು. ತಗಡಿನ ಶೆಡ್ಡು ಆಮೇಲೆ ಬಂತು. ಅವರು ಬೆಲೆ ಹೇಳುತ್ತಿದ್ದದ್ದು ಖಣದ ಲೆಕ್ಕದಲ್ಲಿ. ನಮ್ಮ ಹಳೆಯ ಮಣ್ಣಿನ ಮನೆಗಳಲ್ಲಿ ಎರಡು ತೊಲೆಗಳ ನಡುವಿನ ಜಾಗಕ್ಕೆ ಖಣ ಎನ್ನುತ್ತೇವಲ್ಲ, ಅದೇ. ಇಷ್ಟು ಖಣದ ಶೆಡ್ಡು, ಖಣಕ್ಕೆ ಇಷ್ಟು. ಉದ್ದ ಹೆಚ್ಚಾದರೆ ಈ ಲೆಕ್ಕ ಸರಿಯಾಗಿಯೇ ಇತ್ತು, ತಗಡನ್ನು ಹೊರುವ ಅಂಥದೇ ಇನ್ನೊಂದು ಕಮಾನು ನಿಲ್ಲಿಸಿದರೆ ಆಯಿತು. ಅಗಲ ಹೆಚ್ಚಾದರೆ ಮಾತ್ರ ಕೈಕೊಡುತ್ತಿತ್ತು. ಇಪ್ಪತ್ತು ಅಡಿ ಅಗಲವಿದ್ದದ್ದು ನಲವತ್ತಾದರೆ ಕಬ್ಬಿಣ ಎರಡು ಪಟ್ಟಾಗುವುದಿಲ್ಲ, ಅದನ್ನೂ ಮೀರುತ್ತದೆ, ಏಕೆಂದರೆ ನಡುವೆ ಕಂಬವಿಲ್ಲದೆ ನಿಲ್ಲಬೇಕಾದ ಪ್ರತಿಯೊಂದು ಕಮಾನೂ ದಪ್ಪವಾಗಬೇಕು. ಹಳೆಯ ಮನೆಗಳ ಪಡಸಾಲೆಗಳು ಉದ್ದಕ್ಕೆ ಇದ್ದು ಅಗಲ ಕಡಿಮೆ ಇರುವುದು ಏಕೆಂದು ಯೋಚಿಸಿದರೆ ನಿಮಗೇ ತಿಳಿಯುತ್ತದೆ.

ಇದನ್ನು ನಾನು ಕಲಿತದ್ದು ಬಾಗಿಲ ಹಿಂದೆ ನಿಂತು. ಅಂಗಳದಲ್ಲಿ ಸುಣ್ಣದ ಪುಡಿಯಿಂದ ಕಮಾನನ್ನು ಇದ್ದಷ್ಟೇ ದೊಡ್ಡದಾಗಿ ಬರೆದು, ಅದರ ಮೇಲೆ ಕಬ್ಬಿಣವಿಟ್ಟು ಕತ್ತರಿಸುತ್ತಿದ್ದ ಕಾಲ ಅದು. ನಿಮ್ಮಜ್ಜನಿಗೆ ಬಗ್ಗಿದರೆ ನಡು ಹಿಡಿಯುತ್ತಿತ್ತು. ಬೆಳಿಗ್ಗೆ ಆಳುಗಳು ಬರುವ ಮೊದಲು ಗೆರೆ ಎಳೆಯುವ ಕೆಲಸ ನನ್ನ ಪಾಲಿಗೆ ಬಂತು. ಗೆರೆ ಎಳೆದ ಮೇಲೆ ಉದ್ದ ಅಳೆಯುವುದು, ಉದ್ದಕ್ಕೆ ತೂಕ ಹಚ್ಚುವುದು. ಹಾಗೆ ಬೆಲೆ ತೆಗೆಯುವುದೂ ನನ್ನ ಕೆಲಸವಾಯಿತು. ಹೇಳುವುದು ಮಾತ್ರ ಅವರದು.

ಒಂದು ಯುಗಾದಿ ಕಳೆದು ಎಂಟು ದಿನಕ್ಕೆ ಅವರು ಹೋದರು. ನಿಮ್ಮಪ್ಪ ಆಗ ಹೈಸ್ಕೂಲಿನಲ್ಲಿದ್ದ. ಕಾರ್ಯ ಮುಗಿದ ಮೇಲೆ ನಿಮ್ಮಜ್ಜನ ಅಣ್ಣ ವೀರಪ್ಪ ಭಾವ ಅಂಗಳಕ್ಕೆ ಬಂದು ನಿಂತರು. ಪಕ್ಕದಲ್ಲಿ ನಮ್ಮ ಹಿರಿಯ ವೆಲ್ಡರ್ ಮಾಬುಸಾಬ ಇದ್ದ.

"ನೀಲವ್ವಾ, ಹೆಣ್ಮಗಳು ಕಬ್ಬಿಣದ ಅಂಗಡಿ ನಡಸೂದು ನಮ್ಮ ಕಡೆ ಎಲ್ಲೂ ಇಲ್ಲ. ಮಷಿನ್ ಮಾರಿ, ಜಾಗಾ ಬಾಡಿಗಿ ಕೊಡೂಣು. ನಿನಗ, ಹುಡುಗ್ಗ ನಾ ಅದೇನಿ."

ಅವರು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ನಾನು ಸೆರಗು ಎಳೆದುಕೊಂಡೆ. ನನ್ನನ್ನು ಅತ್ತಿಗೆಯೆಂದೇ ಕಾಣುತ್ತಿದ್ದ ಮಾಬುಸಾಬ ಹೇಳಿದ: "ಅಣ್ಣಾರ, ರೇಟ್ ತಗಿಯೂದು ಇಷ್ಟ ದಿವಸ ವೈನೀರ ಮಾಡ್ಯಾರ. ಕಟ್ಟೂದು ನಾ ಮಾಡೇನಿ. ಒಂದ ವರ್ಷ ನೋಡ್ರಿ."

ಭಾವ ಮೀಸೆ ಸವರಿಕೊಂಡರು. "ಬರೂ ಯುಗಾದಿಮಟ. ಅಷ್ಟರಾಗ ಒಂದ ದೊಡ್ಡ ಕೆಲಸ ಹಿಡದು ತೋರಸ್ರಿ. ದನದ ಕೊಟ್ಟಿಗಿ ನಾ ಲೆಕ್ಕಕ್ಕ ಹಿಡಿಯೂದಿಲ್ಲ."

ಒಂದು ವರ್ಷ, ಒಂದು ದೊಡ್ಡ ಕೆಲಸ. ಇಲ್ಲದಿದ್ದರೆ ಮಷಿನ್ನುಗಳು ಹೋಗುತ್ತವೆ. ನನಗೆ ಗೊತ್ತಿದ್ದ ಒಂದೇ ವಿದ್ಯೆಯೂ ಅವುಗಳ ಜೊತೆಗೇ ಹೋಗುತ್ತದೆ.

ಮೊದಲ ಕೆಲಸ ಸಿಕ್ಕಿದ್ದು ದನದ ಕೊಟ್ಟಿಗೆಯೇ. ಅದೂ ನನ್ನ ತವರೂರು ಜಕ್ಕಲಿಯಲ್ಲಿ, ದೂರದ ಸಂಬಂಧದ ಚಿಗವ್ವನ ಮನೆಯಲ್ಲಿ. ಅಲ್ಲಿ ಮಾತಾಡಲು ನನಗೆ ನಾಚಿಕೆಯಿರಲಿಲ್ಲ. ಬೆಲೆ ಕಡಿಮೆಯಾಗಲೆಂದು ತೆಳ್ಳನೆಯ ತಗಡು ಹಾಕಿದೆ, ತಗಡಿನ ಕೆಳಗೆ ಕೂಡಿಸುವ ಅಡ್ಡ ಪಟ್ಟಿಗಳನ್ನೂ ದೂರ ದೂರ ಇಟ್ಟೆ. ನೋಡಲು ಚಲೋ ಕಾಣುತ್ತಿತ್ತು. ಮೊದಲ ಮಳೆಗೆ ಕರೆ ಬಂತು. ಹೋಗಿ ನೋಡಿದರೆ ತಗಡಿನ ತುಂಬ ಹೆಜ್ಜೆಯ ಗಾತ್ರದ ತಗ್ಗುಗಳು. ಎಲ್ಲದರಲ್ಲೂ ನೀರು ನಿಂತು, ಬೋಲ್ಟಿನ ತೂತಿನಿಂದ ಎತ್ತಿನ ಬೆನ್ನ ಮೇಲೆ ಸೋರುತ್ತಿತ್ತು.

"ಇದರ ಮ್ಯಾಲೆ ಯಾರ ಹತ್ತಿದ್ರು ಚಿಗವ್ವಾ?"

"ನಾನು. ಮತ್ತ ಸಂಡಿಗಿ ಎಲ್ಲಿ ಒಣಾ ಹಾಕಲಿ?"

"ತಗಡಿನ ಮ್ಯಾಲೆ ಹತ್ತಬಾರದು."

"ಹತ್ತಬಾರದ ಮಾಳಿಗಿ ಎದಕ್ಕ ಕಟ್ಟಿದಿ?"

ಅವಳು ಹೇಳಿದ್ದು ಖರೆ. ನಮ್ಮ ಕಡೆಯ ಮನೆಗಳಿಗೆ ಮಣ್ಣಿನ ಮಾಳಿಗೆ. ಅಲ್ಲೇ ಮೆಣಸಿನಕಾಯಿ, ಅಲ್ಲೇ ಶಾವಿಗೆ, ಬೇಸಿಗೆಯಲ್ಲಿ ಅಲ್ಲೇ ಹಾಸಿಗೆ. ತಲೆಮಾರುಗಳಿಂದ ಮೇಲೆ ಹತ್ತಿ ಬಾಳಿದ ಹೆಂಗಸು ತಗಡು ಕಂಡ ದಿನ ಏಣಿಯನ್ನು ಮರೆಯುತ್ತಾಳೆಯೆ? ಬೇರೆ ಸೀಮೆಯವರು ಈ ತಪ್ಪು ಮಾಡಿದರೆ ಒಪ್ಪಬಹುದು. ಮಾಳಿಗೆಯ ಮೇಲೆಯೇ ಬೆಳೆದ ನಾನು ಮಾಡಿದ್ದೆ. ಚಿಗವ್ವನ ಗಂಡನನ್ನು ಕೇಳಿದಾಗ ಅವನು ಉದ್ದ ಅಗಲ ಹೇಳಿದ್ದ, ನಾನು ಅಷ್ಟಕ್ಕೆ ಬೆಲೆ ತೆಗೆದಿದ್ದೆ. ಒಳಗೆ ಹೋಗಿ ಚಿಗವ್ವನನ್ನು ಒಂದು ಮಾತು ಕೇಳಿರಲಿಲ್ಲ.

ತಗಡು ಬದಲಿಸಿ ಕೊಟ್ಟೆವು. ಅಲ್ಲಿಂದ ಮುಂದೆ ನನ್ನ ಕ್ರಮವೇ ಬದಲಾಯಿತು. ಬೆಲೆ ಕೇಳಿ ಯಾರು ಬಂದರೂ ಮಾಬುಸಾಬ ಹೊರಗೆ ಗಂಡಸರ ಜೊತೆ ಟೇಪು ಹಿಡಿದು ಅಳೆಯುತ್ತಿದ್ದ, ನಾನು ಒಳಗೆ ಹೋಗಿ ಒಲೆಯ ಮುಂದೆ ಕೂಡುತ್ತಿದ್ದೆ. ಗಂಡಸರೆದುರು ಬಾಯಿ ಬಾರದವಳಿಗೆ ಅದು ಅನುಕೂಲವೂ ಆಗಿತ್ತು. ಮೇಲೆ ಯಾರು ಹತ್ತುತ್ತಾರೆ, ಏನು ಒಣಗಿಸುತ್ತಾರೆ, ಏನು ತೂಗುಹಾಕುತ್ತಾರೆ, ಗಾಳಿ ಯಾವ ಕಡೆಯಿಂದ ಹೊಗೆಯನ್ನು ಒಳಗೆ ನೂಕುತ್ತದೆ, ಮಳೆನೀರು ಎಲ್ಲಿ ನಿಲ್ಲುತ್ತದೆ, ಎಲ್ಲ ಅಲ್ಲಿ ಸಿಗುತ್ತಿತ್ತು.

ಆದರೂ ಮುಂದಿನ ತಪ್ಪು ತಪ್ಪಲಿಲ್ಲ. ಗಜೇಂದ್ರಗಡದಲ್ಲಿ ಒಬ್ಬ ನೇಕಾರನಿಗೆ ಮಗ್ಗದ ಶೆಡ್ಡು ಬೇಕಿತ್ತು. ಅವನ ಹೆಂಡತಿಯನ್ನು ಕೇಳಿ, ಮಗ್ಗದ ಮೇಲೆ ಬೆಳಕು ಬೀಳುವಂತೆ ಹಾಲುಬಣ್ಣದ ಹಾಳೆಗಳನ್ನು ನಡುನಡುವೆ ಸೇರಿಸಿ, ಬಹಳ ಹೆಮ್ಮೆಯಿಂದ ಬೆಲೆ ತೆಗೆದೆ. ಪಾಯ ಮಾತ್ರ ರೋಣದ್ದನ್ನೇ ಹಿಡಿದೆ. ನಮ್ಮದು ಎರೆ ಮಣ್ಣು. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ, ಮಳೆಯಲ್ಲಿ ಉಬ್ಬಿ ಕಂಬವನ್ನೇ ಓರೆ ಮಾಡುತ್ತದೆ. ಅದರ ಕೆಳಗಿನ ಗಟ್ಟಿ ಗರಸು ಸಿಗುವ ತನಕ ತೋಡಬೇಕು. ಅದೇ ಆಳದ ಕುಣಿ ಅಲ್ಲಿಯೂ ತೋಡುತ್ತಾರೆಂದು ನನ್ನ ಲೆಕ್ಕ. ಮೊದಲ ದಿನವೇ ಮಾಬುಸಾಬನ ಫೋನು.

"ವೈನೀರ, ಗುದ್ದಲಿ ಒಳಗ ಹೋಗವಲ್ದು. ಒಂದ ಗೇಣಿಗೆ ಬಂಡಿ ಬಂತು."

"ಬಂಡಿ ಬಂತಂದ್ರ ಕೂತು ಬಾ," ಎಂದೆ. ಯಾರೋ ಬಂಡಿ ಕಳಿಸಿದ್ದಾರೆಂದಲ್ಲ, ಬಂಡೆಗಲ್ಲೆಂದು ನನಗೂ ತಿಳಿದಿತ್ತು. ಸಿಟ್ಟು ಅವನ ಮೇಲಲ್ಲ, ನನ್ನ ಮೇಲೆ.

ನಾನೇ ಬಸ್ಸು ಹಿಡಿದು ಹೋದೆ. ಆಷಾಢದ ಗಾಳಿ. ಗುಡ್ಡದಿಂದ ಇಳಿದು ಬರುವ ಅದು ಸೆರಗನ್ನು ನಿಲ್ಲಗೊಡುತ್ತಿರಲಿಲ್ಲ. ನೇಕಾರನ ಹೆಂಡತಿ ನಗುತ್ತ ಅಂದಳು: "ಇಲ್ಲಿ ಒಣಾ ಹಾಕಿದ ಸೀರಿ ಮುಂದಿನ ಓಣ್ಯಾಗ ಹುಡುಕಬೇಕ್ರಿ ಅಕ್ಕಾರ."

"ಇದನ್ನ ಮೊದಲ ಯಾಕ ಹೇಳಲಿಲ್ಲವಾ?"

"ನೀವು ಕೇಳಲಿಲ್ಲಲ್ರಿ!"

ಮಾಬುಸಾಬ ತಗಡನ್ನು ಹಿಡಿದು ನಿಂತವನು ಕೂಗಿದ: "ವೈನೀರ, ರೋಣದಾಗ ಶೆಡ್ಡು ನೆಲದಾಗ ಕೂಡತೈತಿ, ಇಲ್ಲಿ ಹಾರತೈತಿ!"

ಆ ಒಂದು ಕೂಗು ನನಗೆ ಪುಸ್ತಕದಷ್ಟು ಕಲಿಸಿತು. ರೋಣ, ನರಗುಂದದ ಎರೆ ನೆಲದಲ್ಲಿ ಹಣ ನೆಲದ ಕೆಳಗೆ ಹೋಗಬೇಕು. ಗಜೇಂದ್ರಗಡದಲ್ಲಿ ಕಲ್ಲು ಕೊರೆದು ಬೋಲ್ಟ್ ಇಳಿಸಿದರೆ ಪಾಯ ಮುಗಿಯಿತು, ಅಲ್ಲಿ ಉಳಿದ ಹಣ ತಲೆಯ ಮೇಲೆ ಹೋಗಬೇಕು. ತಗಡಿನ ಅಂಚಿಗೆ ಬೋಲ್ಟುಗಳು ಹತ್ತಿರ ಹತ್ತಿರ, ಗಾಳಿ ಬರುವ ಮಗ್ಗುಲಿಗೆ ಓರೆ ಕಟ್ಟುಗಳು. ಒಂದೇ ಅಳತೆಯ ಎರಡು ಶೆಡ್ಡು, ಇಪ್ಪತ್ತು ಮೈಲಿಯೊಳಗೆ ಎರಡು ಬೆಲೆ. ಆ ಮಗ್ಗದ ಶೆಡ್ಡು ಇಂದಿಗೂ ನಿಂತಿದೆ, ಒಂದು ತಗಡೂ ಎದ್ದಿಲ್ಲ.

ಕೊಣ್ಣೂರಿನದನ್ನು ಚಿಕ್ಕದಾಗಿ ಹೇಳುತ್ತೇನೆ. ಹೊಳೆಯ ನೆರೆ ಇಳಿದ ಮೇಲೆ ಒಬ್ಬ ರೈತ ಪಂಪು, ಗೊಬ್ಬರ ಇಡಲು ಶೆಡ್ಡು ಕೇಳಿದ. ಶೆಡ್ಡು ನಿಲ್ಲುವ ಕಟ್ಟೆ ಎಷ್ಟು ಎತ್ತರವಿರಬೇಕೆಂದು ತಿಳಿಯಲು, ನೀರು ಎಲ್ಲಿಯವರೆಗೆ ಬಂದಿತ್ತೆಂದು ಮಾಬುಸಾಬ ಕೇಳಿದ. ಅವನು ಮೊಣಕಾಲು ತೋರಿಸಿದ. ಅಡುಗೆಮನೆಯಲ್ಲಿ ಅವನ ಹೆಂಡತಿ ಗೋಡೆಯಲ್ಲಿ ದೀಪವಿಡುವ ಮಾಡದ ಕಡೆ ಕೈ ಮಾಡಿದಳು. "ಇಲ್ಲಿ ಹಚ್ಚಿದ್ದ ದೀಪಾ ನೀರು ಮುಟ್ಟಿ ಆರಿತ್ರಿ. ಅವ್ರು ಆವಾಗ ಮನ್ಯಾಗ ಎಲ್ಲಿದ್ರು, ದನಾ ಹೊಡಕೊಂಡು ದಿಬ್ಬಕ್ಕ ಹೋಗಿದ್ರು." ಮಾಡ ನನ್ನ ಎದೆಯ ಮಟ್ಟಕ್ಕಿತ್ತು. ಕಟ್ಟೆಯನ್ನು ಅದಕ್ಕಿಂತ ಮೇಲೆ ಹಿಡಿದೆ. ರೈತ ಗೊಣಗಿದ. ಮುಂದೊಂದು ವರ್ಷ ಸೇತುವೆಯ ಮೇಲೆ ನೀರು ಹರಿದಾಗ, ತನ್ನ ಗೊಬ್ಬರದ ಚೀಲಗಳು ತೋಯಲಿಲ್ಲ ಎಂದು ತಾನಾಗಿ ಬಂದು ಹೇಳಿ ಹೋದ.

ಇಷ್ಟಾದರೂ ಭಾವ ಹೇಳಿದ ದೊಡ್ಡ ಕೆಲಸ ಬಂದಿರಲಿಲ್ಲ. ಕಡಲೆ ಸುಗ್ಗಿ ಬಂತು, ಯುಗಾದಿಗೆ ಒಂದೂವರೆ ತಿಂಗಳು ಉಳಿಯಿತು. ಮಷಿನ್ನು ನೋಡಲು ಭಾವ ಒಬ್ಬನನ್ನು ಕರೆತಂದೂ ಬಿಟ್ಟರು. ಅವನು ಕಟರ್ ಮಷಿನ್ನಿನ ಹಲ್ಲು ಎಣಿಸುತ್ತಿದ್ದ ದಿನವೇ ನರಗುಂದದ ಬಸಲಿಂಗಪ್ಪ ಸಾಹುಕಾರರಿಂದ ಕರೆ ಬಂತು. ಕಡಲೆ, ಜೋಳ ಕೊಂಡು ಸಂಗ್ರಹಿಸುವ ಹಳೆಯ ಮನೆತನ. ದೊಡ್ಡ ಗೋದಾಮು ಕಟ್ಟಬೇಕು, ಹುಬ್ಬಳ್ಳಿಯ ಒಂದು ಕಂಪನಿಯವರು ದರ ಕೊಟ್ಟಿದ್ದಾರೆ, ನೀವೂ ಕೊಡಿರಿ ಎಂದರು.

ಮಾಬುಸಾಬ ಹೊರಗೆ ಅಳೆದ. ಎಂಬತ್ತು ಅಡಿ ಉದ್ದ, ನಲವತ್ತು ಅಗಲ, ಸಾಹುಕಾರರು ಕೇಳಿದ್ದು ಇಪ್ಪತ್ತಾರು ಅಡಿ ಎತ್ತರ. ನಾನು ಎಂದಿನಂತೆ ಒಳಗೆ ಹೋದೆ. ಸಾಹುಕಾರರ ತಾಯಿ ರೊಟ್ಟಿ ಬಡಿಯುವವರ ಮೇಲೆ ಕಣ್ಣಿಟ್ಟು ಹೊರಸಿನ ಮೇಲೆ ಕೂತಿದ್ದರು.

"ಇಪ್ಪತ್ತಾರ ಅಡಿ ಎತ್ತರ ಎದಕ್ರೆವಾ?" ಎಂದು ಕೇಳಿದೆ.

ಮುದುಕಿ ಬೊಚ್ಚು ಬಾಯಿ ತೆರೆದು ನಕ್ಕರು. "ಗದಗಿನ ಬೀಗರದು ಇಪ್ಪತ್ನಾಕ ಅಡಿ ಐತಂತ. ನನ್ನ ಮಗಂದು ಅದಕ್ಕಿಂತ ಮ್ಯಾಲ ಆಗಬೇಕಂತ!"

ಅಲ್ಲಿಂದ ಹಳೆಯ ಗೋದಾಮಿಗೆ ಹೋದೆ. ಕಾಳು ಹಸನು ಮಾಡುವ ಹೆಣ್ಣಾಳುಗಳ ಹಿರಿಯಳು ಯಲ್ಲವ್ವ ಎಂಬವಳು. ಅವಳು ಒಂದರ ಮೇಲೊಂದು ಒಟ್ಟಿದ ಚೀಲಗಳ ಥಪ್ಪಿ ತೋರಿಸಿದಳು. "ಹದಿನಾಲ್ಕ ಚೀಲ ದಾಟಿದ್ರ ಮ್ಯಾಲಿಂದು ಜಾರಿ ನಮ್ಮ ತಲಿಮ್ಯಾಲ ಬರತೈತ್ರಿ. ಹಮಾಲ್ರು ಹತ್ತಂಗಿಲ್ಲ." ಇನ್ನೊಂದು ಮಾತನ್ನೂ ಅವಳೇ ತೋರಿಸಿದಳು. ಥಪ್ಪಿಗಳೆಲ್ಲ ಗೋಡೆಗೆ ಒರಗಿದ್ದವು. ಕಲ್ಲಿನ ಗೋಡೆಯೇ ಒಂದು ಕಡೆ ಹೊಟ್ಟೆ ಬಿಟ್ಟಿತ್ತು.

ರೋಣಕ್ಕೆ ಬಂದು ಮೂರು ದಿನ ಕೂತು ಬರೆದೆ. ಎತ್ತರ ಹದಿನೆಂಟು ಅಡಿಗೆ ಇಳಿಸಿದೆ. ಎತ್ತರ ಇಳಿದರೆ ಕಂಬ ಹಗುರಾಗುತ್ತದೆ, ಗಾಳಿಯ ಹೊಡೆತ ಇಳಿಯುತ್ತದೆ, ಮಗ್ಗುಲಿನ ತಗಡು ಉಳಿಯುತ್ತದೆ. ಹಾಗೆ ಉಳಿದದ್ದನ್ನೆಲ್ಲ ಗರಸಿನ ತನಕ ಇಳಿಯುವ ಪಾಯಕ್ಕೂ, ಥಪ್ಪಿಯ ಎತ್ತರದ ಗಟ್ಟಿ ಗೋಡೆಗೂ ಹಾಕಿದೆ. ಹಸನು ಮಾಡುವವರಿಗೆ ಬೆಳಕಿನ ಹಾಳೆ ಸೇರಿಸಿದೆ. ಪ್ರತಿಯೊಂದನ್ನೂ ಬೇರೆ ಬೇರೆ ಬರೆದು ಮೂರು ಹಾಳೆ ಮಾಡಿದೆ.

ಮಾತುಕತೆಯ ದಿನ ಭಾವನೂ ಬಂದರು. ಸಾಹುಕಾರರ ಪಡಸಾಲೆಯಲ್ಲಿ ಹತ್ತು ಹನ್ನೆರಡು ವ್ಯಾಪಾರಸ್ಥರು ಗಾದಿಯ ಮೇಲೆ ಕೂತಿದ್ದರು. ಹುಬ್ಬಳ್ಳಿ ಕಂಪನಿಯ ಮನುಷ್ಯ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಬಣ್ಣದ ಚಿತ್ರದ ಪುಸ್ತಕ ಹಿಡಿದು ಕೂತಿದ್ದ. ನಾನು ಬಾಗಿಲ ಕಂಬಕ್ಕೆ ಆನಿಕೊಂಡು ನಿಂತೆ. ನನ್ನ ಪರವಾಗಿ ಮಾಬುಸಾಬ ಮಾತಾಡುವುದೆಂದು ಗೊತ್ತುಮಾಡಿಕೊಂಡಿದ್ದೆವು.

ಸಾಹುಕಾರರು ನನ್ನ ಹಾಳೆಗಳನ್ನು ಗಾಳಿಯಲ್ಲಿ ಆಡಿಸಿದರು. "ನೋಡ ತಂಗಿ, ಇವ್ರು ಚದರ ಅಡಿಗೆ ಇಷ್ಟ ಅಂತ ಒಂದ ಮಾತಿನ್ಯಾಗ ಮುಗಿಸ್ಯಾರ. ನೀ ಏನು ಪುರಾಣಾ ಬರದೀ? ಮ್ಯಾಲ ಅವ್ರದಕ್ಕಿಂತ ನಿಂದ ಜಾಸ್ತಿ. ಎತ್ತರಾ ನೋಡಿದ್ರ ಕಡಿಮಿ!"

ಗಾದಿಯ ಮೇಲೆ ನಗೆ ಎದ್ದಿತು. ಮಾಬುಸಾಬ ಬಾಯಿ ತೆರೆದ. "ಸಾವ್ಕಾರ್ರ, ಅದು ಏನಂದ್ರ..." ಎಂದವನು ಅಲ್ಲಿಗೇ ನಿಂತ. ಕಟ್ಟುವುದರಲ್ಲಿ ಅವನಿಗೆ ಸಮನಿಲ್ಲ, ಹೇಳುವುದು ಅವನಿಗೂ ಬಾರದು. ಭಾವ ಪಂಚೆ ಕೊಡವಿ ಏಳಲು ತಯಾರಾದರು. ಅವರು ಎದ್ದರೆ ಎಲ್ಲ ಮುಗಿಯಿತೆಂದು ನನಗೆ ಗೊತ್ತಿತ್ತು. ಅಂಗಳದ ಸುಣ್ಣದ ಗೆರೆ ಅಳಿಸಿಹೋದಂತೆ ಕಣ್ಣಿಗೆ ಕಟ್ಟಿತು.

"ಇವ್ರ ದರದಾಗ ಪಾಯಾ ಐತೇನ್ರಿ?"

ಯಾರು ಕೇಳಿದ್ದೆಂದು ಎಲ್ಲರೂ ತಿರುಗಿ ನೋಡಿದರು. ಕೇಳಿದವಳು ನಾನೇ.

ಕಂಪನಿಯ ಮನುಷ್ಯ ಪುಸ್ತಕ ತಿರುವಿದ. "ಪಾಯ ಗಿರಾಕಿಯವರೇ ಮಾಡಿಸಿಕೊಳ್ಳಬೇಕಮ್ಮಾ. ನಮ್ಮದು ನೆಲದಿಂದ ಮೇಲೆ."

"ನೆಲದಿಂದ ಮ್ಯಾಲ?" ಸಾಹುಕಾರರು ಕನ್ನಡಕ ತೆಗೆದರು. "ಹಾಂಗಂದ್ರ ಕೆಳಗಿಂದು?"

"ಕೆಳಗಿಂದು ನರಗುಂದದ ಎರಿ ಮಣ್ಣು ಸಾವ್ಕಾರ್ರ," ಎಂದೆ. "ನನ್ನ ಎರಡನೇ ಹಾಳಿ ಪೂರಾ ಪಾಯಾದ್ದು. ಅದನ್ನ ತಗದು ನೋಡ್ರಿ, ಯಾರದು ಜಾಸ್ತಿ ಆಗತೈತಿ."

ವ್ಯಾಪಾರಸ್ಥರೊಬ್ಬರು ಹಾಳೆ ಇಸಿದುಕೊಂಡು ಮನಸ್ಸಿನಲ್ಲೇ ಕಳೆದರು. ತಲೆಯೆತ್ತಿ ಹಾಳೆಯನ್ನು ಸಾಹುಕಾರರ ಮುಂದೆ ಇಟ್ಟರು. ಪಾಯ ಬಿಟ್ಟರೆ ನನ್ನದೇ ಕಡಿಮೆಯಿತ್ತು.

"ಮತ್ತ ಚೀಲಾ ಗ್ವಾಡಿಗೆ ಆನಿಸಿದ್ರ ಇವ್ರ ತಗಡು ತಡೀತೈತೇನ್ರಿ?"

"ತಗಡಿಗೆ ತಾಗಿಸಬಾರದು," ಎಂದ ಕಂಪನಿಯವನು. "ಎರಡು ಅಡಿ ಜಾಗ ಬಿಟ್ಟು ಒಟ್ಟಬೇಕು."

ಅಂಗಳದಲ್ಲಿ ನಿಂತು ಕೇಳುತ್ತಿದ್ದ ಹಮಾಲನೊಬ್ಬ ತಡೆಯದೆ ಅಂದ: "ಎರಡಡಿ ಜಾಗಾ ಕಂಡ್ರ ಸಾವ್ಕಾರ್ರು ಅಲ್ಲಿ ಇನ್ನೊಂದ ಥಪ್ಪಿ ಹಚ್ಚತಾರ್ರಿ!" ಸಾಹುಕಾರರೂ ನಕ್ಕರು, ಅದು ಖರೆಯಾಗಿತ್ತು.

"ಆತು, ಒಪ್ಪಿದೆ," ಎಂದರು. "ಆದ್ರ ಎತ್ತರಾ ಯಾಕ ಕಡದಿ? ಅದನ್ನ ಹೇಳು."

"ಹದಿನಾಲ್ಕ ಚೀಲದ ಮ್ಯಾಲ ಯಾರೂ ಒಟ್ಟೂದಿಲ್ಲಂತ್ರಿ. ಅದರ ಮ್ಯಾಲಿನ ಜಾಗಾಕ್ಕ ನೀವು ಕಬ್ಬಿಣದ ರೊಕ್ಕಾ ಕೊಟ್ಟು ಬರೇ ಗಾಳಿ ತುಂಬಿಡತೀರಿ."

"ಯಾರ ಅಂದ್ರು ಒಟ್ಟೂದಿಲ್ಲಂತ? ಏ, ಹೇಳಲೇ, ಎಷ್ಟ ಚೀಲಾ ಒಟ್ಟತೀ?"

ಹಮಾಲ ರುಮಾಲು ತೆಗೆದು ಕೈಯಲ್ಲಿ ಹಿಡಿದ. "ಹದಿನಾಲ್ಕರಿ ಯಪ್ಪಾ. ಅದರ ಮ್ಯಾಲ ಬೇಕಂದ್ರ ನಿಮ್ಮ ಅಳ್ಯಾರನ್ನ ಹತ್ತಸ್ರಿ."

ಆಗ ಒಳಗಿನಿಂದ ಮುದುಕಿಯ ಧ್ವನಿ ಪಡಸಾಲೆಗೆ ಬಂತು. "ಖರೇ ಹೇಳಲೇ ಬಸ್ಯಾ! ಎತ್ತರಾ ಬೇಕಾಗಿದ್ದು ಕಡ್ಲಿಗಲ್ಲ, ಬೀಗರಿಗೆ ತೋರಸಾಕ!"

ಗಾದಿಯ ಮೇಲಿದ್ದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಸಾಹುಕಾರರ ಮುಖ ಕೆಂಪಾಯಿತು. ಕೆಲಸ ಕೈತಪ್ಪಿತೆಂದೇ ನಾನು ತಿಳಿದೆ. ಅವರು ಕನ್ನಡಕವನ್ನು ನಿಧಾನವಾಗಿ ಒರೆಸಿ, ಮತ್ತೆ ಹಾಕಿಕೊಂಡು, ನನ್ನ ಮೂರೂ ಹಾಳೆಗಳನ್ನು ಮೊದಲಿನಿಂದ ಓದಿದರು. ಬೆಳಕಿನ ಹಾಳೆಗಳ ಸಾಲಿಗೆ ಬಂದಾಗ ಬೆರಳು ನಿಂತಿತು.

"ಇದು ಎದಕ್ಕ?"

"ಯಲ್ಲವ್ವಗ್ರಿ. ಕಾಳಿನ್ಯಾಗಿನ ಹಳ್ಳು ಕಾಣಬೇಕಲ್ರಿ."

ಅವರು ಹಾಳೆಗಳನ್ನು ಮಡಿಸಿ ಜೇಬಿಗೆ ಹಾಕಿಕೊಂಡರು. ಆಮೇಲೆ ಎಲೆ ಅಡಿಕೆಯ ತಾಟು ತರಿಸಿದರು. ನಮ್ಮ ಕಡೆ ಮಾತು ಗಟ್ಟಿಯಾದರೆ ಎಲೆ ಅಡಿಕೆ ಕೊಡುವುದು, ಅದನ್ನು ಹಿರಿಯ ಗಂಡಸಿನ ಕೈಗೆ ಕೊಡುವುದು. ಸಾಹುಕಾರರು ತಾಟನ್ನು ವೀರಪ್ಪ ಭಾವನ ಮುಂದೆ ಹಿಡಿದರು. ಭಾವ ಕೈ ಚಾಚಿದವರು ಹಿಂದಕ್ಕೆ ತೆಗೆದುಕೊಂಡರು.

"ನಂಗಲ್ರಿ," ಎಂದರು. "ಅಕಿಗೆ ಕೊಡ್ರಿ. ಕೆಲಸಾ ಅಕೀದು."

ಹನ್ನೆರಡು ಜನರ ನಡುವೆ ನಡೆದು ಹೋಗಿ ಎರಡೂ ಕೈಯಲ್ಲಿ ಎಲೆ ಅಡಿಕೆ ತೆಗೆದುಕೊಂಡೆ.

ಆಮೇಲಿನ ವರ್ಷಗಳಲ್ಲಿ ಬಹಳ ಕಟ್ಟಿದೆವು. ಸುಣ್ಣದ ಗೆರೆ ಹೋಗಿ ಕಾಗದ ಬಂತು, ಕಾಗದ ಹೋಗಿ ಕಿರಣನ ಕಂಪ್ಯೂಟರ್ ಬಂತು. ಕೋನದ ಕಬ್ಬಿಣ ಹೋಗಿ ಪೈಪು, ಈಗ ಬೋಲ್ಟ್ ಬಿಗಿದು ನಿಲ್ಲಿಸುವ ಕಮಾನು. ಪೇಟೆಯಲ್ಲಿ ಕಬ್ಬಿಣದ ದರ ಎಂಟು ದಿನಕ್ಕೊಮ್ಮೆ ಏರಿಳಿಯುತ್ತದೆ, ಅದನ್ನು ನೀವು ನನಗಿಂತ ಲಗೂ ತಿಳಿಯುತ್ತೀರಿ. ನಾನು ಕೇಳುವುದು ಇಷ್ಟೇ. ಫೋನಿನಲ್ಲಿ ದರ ಹೇಳಬೇಡಿರಿ. ಹೋಗಿರಿ, ಮಣ್ಣು ಮುಟ್ಟಿರಿ, ಗಾಳಿಗೆ ಮುಖ ಕೊಡಿರಿ, ಒಳಗೆ ಹೋಗಿ ಕೂತು ಕೇಳಿರಿ.

ಅಂದು ನರಗುಂದದಿಂದ ರೋಣಕ್ಕೆ ಬಸ್ಸಿನಲ್ಲಿ ಬರುವಾಗ ಭಾವ ಮುಂದಿನ ಸೀಟಿನಲ್ಲಿ ಕೂತಿದ್ದರು. ಮಷಿನ್ನಿನ ಮಾತು ತೆಗೆಯುತ್ತಾರೆಂದು ಕಾದೆ, ಅದನ್ನು ಅವರು ಅಂದೂ ತೆಗೆಯಲಿಲ್ಲ, ಮುಂದೆಂದೂ ತೆಗೆಯಲಿಲ್ಲ. ಕೊನೆಗೆ ಕಿಟಕಿಯ ಹೊರಗೆ ನೋಡುತ್ತಲೇ ಕೇಳಿದರು:

"ನೀಲವ್ವಾ, ನಮ್ಮ ಹಿತ್ತಲಾಗ ಒಂದ ಶೆಡ್ಡು ಹಾಕ್ಸೂದೈತಿ. ಎಷ್ಟಾಗತೈತಿ?"

"ಮೊದಲ ನಿಮ್ಮ ಮನಿಗೆ ಬಂದು ಅಡಿಗಿಮನ್ಯಾಗ ಅಕ್ಕಾರನ್ನ ಕೇಳತೇನ್ರಿ ಭಾವಾರ."

"ಅಕೀನ್ನ ಕೇಳಿದ್ರ ಮುಗೀತು! ಅಕಿ ಶೆಡ್ಡು ಹೇಳಂಗಿಲ್ಲ, ಅರಮನಿ ಹೇಳತಾಳ."

"ಹೇಳಲಿ ಬಿಡ್ರಿ," ಎಂದೆ. "ನಾನೂ ಅರಮನಿ ರೇಟ ಹೇಳತೇನಿ."